ಸಾಕುನಾಯಿಗೊಂದು ಗೂಡು

ನಾಯಿಯು ಮನುಷ್ಯನ ಮನೆಯನ್ನು ಸೇರಿ ಸಾವಿರಾರು ವರ್ಷಗಳು ಕಳೆದಿದ್ದರೂ ನಮ್ಮ ಮನೆಗಳಲ್ಲಿ ಅದಕ್ಕೆ ಗೊತ್ತಾದ ಸ್ಥಳವೊಂದು ಇನ್ನೂ ದೊರೆತಂತಿಲ್ಲ. ಆಕಳಿಗೆ ಕೊಟ್ಟಿಗೆಯುಂಟು; ಕೋಳಿಗೆ ಗೂಡುಂಟು; ಬೆಕ್ಕು ತನಗೆ ಒಪ್ಪಿದ ಮೂಲೆಯನ್ನು ತಾನೇ ಆರಿಸಿಕೊಳ್ಳುತ್ತದೆ. ನಾಯಿಯ ಪಾಲಿಗಾದರೋ ಅಂಗಳದ ಕಂಬ, ಒಂದು ಸರಪಳಿ, ಮಳೆ ಬಂದರೆ ಕಟ್ಟೆಯ ಬದಿಯ ಒದ್ದೆ ನೆಲ. ಬೆಳಗಾವಿಯ ಟಿಳಕವಾಡಿ, ಶಹಾಪುರ, ವಡಗಾವಿ ಮೊದಲಾದ ಭಾಗಗಳಲ್ಲಿ ಬೆಲೆಯುಳ್ಳ ಜಾತಿಯ ನಾಯಿಗಳನ್ನು ತಂದು ಸಾಕುವ ರೂಢಿಯುಂಟು. ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಹೊಲ ಮನೆಗಳ ಕಾವಲಿಗೆ ನಾಯಿ ಬೇಕೇ ಬೇಕು. ಪೇಟೆಯ ನಾಯಿಯೂ ಹಳ್ಳಿಯ ನಾಯಿಯೂ ಬೇರೆ ಬೇರೆ ರೀತಿಯಲ್ಲಿ ಬಾಳುತ್ತವೆಯಾದರೂ ದೀಪವಾರಿದ ಬಳಿಕ ಎರಡರ ಪ್ರಶ್ನೆಯೂ ಒಂದೇ ಆಗಿರುತ್ತದೆ: ಈ ರಾತ್ರಿ ಎಲ್ಲಿ ಮಲಗಬೇಕು? ಈ ಪ್ರಶ್ನೆಗೆ ಗೃಹಸ್ಥರು ಕೊಡಬಹುದಾದ ಒಂದು ಉತ್ತರದ ವಿಚಾರವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನಾವು ಉದ್ದೇಶಿಸಿದ್ದೇವೆ.

ಹೆಸರಿನ ವಿಚಾರ

ನಾಯಿಗಳಿಗೆಂದೇ ಮಾಡಿದ, ಬಾಗಿಲೂ ಚಿಲಕವೂ ಉಳ್ಳ ಪೆಟ್ಟಿಗೆಗಳು ಈಗ ಪೇಟೆಯಲ್ಲಿ ಮಾರಾಟಕ್ಕೆ ದೊರೆಯುತ್ತವೆ. ಅಂಗಡಿಕಾರರು ಅವನ್ನು ‘ಕ್ರೇಟ್’ ಎಂದೋ ‘ಕೇಜ್’ ಎಂದೋ ಕರೆಯುತ್ತಾರೆ. ಅವನ್ನು ಕಂಡ ಹಿರಿಯರು ‘ಬೋನು’ ಎನ್ನುತ್ತಾರೆ. ಮಕ್ಕಳು ‘ಪಂಜರ’ ಎನ್ನುತ್ತಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಶಬ್ದಾರ್ಥಗಳನ್ನು ಹೇಳುತ್ತ ಬಂದ ನಮಗೆ ಈ ಹೆಸರುಗಳನ್ನು ಸ್ವಲ್ಪ ಬಿಡಿಸಿ ನೋಡದೆ ಮುಂದೆ ಹೋಗಲು ಮನಸ್ಸು ಬಾರದು.

ಪಂಜರವೆಂಬುದು ಹಾರಬಲ್ಲ ಗಿಳಿಯನ್ನು ಹಾರದಂತೆ ತಡೆದಿಡುವ ಸಾಧನವು. ಬೋನೆಂಬುದು ಕಾಡಿನ ಮೃಗವನ್ನು ಆಸೆ ತೋರಿಸಿ ಹಿಡಿಯುವ ಯಂತ್ರವು. ಗೂಡೆಂದರೆ ಪ್ರಾಣಿಯು ದಿನದ ಕೊನೆಗೆ ತನ್ನ ಇಚ್ಛೆಯಿಂದಲೇ ಮರಳಿ ಬರುವ ಸ್ಥಳ. ಕಂಬಿ, ಹಲಗೆ, ಚಿಲಕಗಳು ಮೂರರಲ್ಲಿಯೂ ಒಂದೇ ತೆರನಾಗಿರಬಹುದು. ಒಂದೇ ಅಂಗಡಿಯಿಂದ ತಂದ ಒಂದೇ ಅಳತೆಯ ಪೆಟ್ಟಿಗೆಯು ಒಂದು ಮನೆಯಲ್ಲಿ ಬೋನಾಗಿಯೂ ನೆರೆಯ ಮನೆಯಲ್ಲಿ ಗೂಡಾಗಿಯೂ ಪರಿಣಮಿಸುವುದು ಮನೆಯವರ ನಡತೆಯಿಂದಲೇ. ಗೂಡಾಗಿಸಿದ ಪೆಟ್ಟಿಗೆಯು ನಮ್ಮ ಸೀಮೆಯಲ್ಲಿ ನಾಯಿಯ ಪ್ರಾಣವನ್ನೇ ಉಳಿಸಬಲ್ಲದು. ಬೋನಾಗಿಸಿದ ಪೆಟ್ಟಿಗೆಯು ಅದರ ಬುದ್ಧಿಯನ್ನೂ ದೇಹವನ್ನೂ ಕೆಡಿಸಬಲ್ಲದು. ನಾವು ಹೇಳಬೇಕಾದುದರ ಸಾರವು ಇಷ್ಟೇ.

ಸರಪಳಿಯ ನಾಯಿಯೂ ಚಿರತೆಯೂ

ಪ್ರಾಣವನ್ನು ಉಳಿಸುವುದೆಂಬ ಮಾತು ಪೇಟೆಯವರಿಗೆ ಅತಿಶಯೋಕ್ತಿಯೆಂದು ತೋರಬಹುದು. ಖಾನಾಪುರದ ಪಶ್ಚಿಮಕ್ಕೆ ವಾಸಿಸುವವರಿಗೆ ಹಾಗೆ ತೋರಲಾರದು. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸುತ್ತಲೂ, ಹೆಮ್ಮಡಗಾ, ಗವಾಳಿ, ತಳೇವಾಡಿಗಳ ಕಡೆಗೂ ಸಹ್ಯಾದ್ರಿಯ ದಟ್ಟವಾದ ಅರಣ್ಯವು ಹಬ್ಬಿಕೊಂಡಿದೆ. ಅದರಲ್ಲಿಯ ೧೯೦ ಚದರ ಕಿಲೋಮೀಟರುಗಳಷ್ಟು ಭಾಗವನ್ನು ೨೦೧೧ನೆಯ ಇಸವಿಯಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಸಾರಲಾಯಿತು. ಅಲ್ಲಿಯ ಚಿರತೆಗೆ ಧಾಮದ ಗಡಿಗೆರೆಯು ತಿಳಿಯದು. ಕಾಡು ಮುಗಿದಲ್ಲಿ ಗದ್ದೆ, ಗದ್ದೆ ಮುಗಿದಲ್ಲಿ ಅಂಗಳ. ಜಿಂಕೆಯನ್ನು ಹಿಡಿಯುವುದು ಪ್ರಯಾಸದ ಕೆಲಸ. ಕಂಬಕ್ಕೆ ಕಟ್ಟಿದ ನಾಯಿಯನ್ನು ಹಿಡಿಯಲು ಪ್ರಯಾಸವೇನೂ ಬೇಕಿಲ್ಲ.

ಚಿರತೆಗೆ ನಾಯಿಯು ಎಷ್ಟು ರೂಢಿಯ ಆಹಾರವೆಂಬುದನ್ನು ವಿದ್ವಾಂಸರು ಲೆಕ್ಕವಿಟ್ಟು ನೋಡಿದ್ದಾರೆ. ನೆರೆಯ ಮಹಾರಾಷ್ಟ್ರದ ಅಕೋಲೆ ತಾಲೂಕಿನಲ್ಲಿ, ಕಬ್ಬಿನ ಹೊಲಗಳ ನಡುವೆ ಬಾಳುವ ಚಿರತೆಗಳ ಮಲವನ್ನು ಪರೀಕ್ಷಿಸಿದ ಒಂದು ಅಭ್ಯಾಸವು ೨೦೧೬ರಲ್ಲಿ ಅಚ್ಚಾಯಿತು. ಅವು ತಿಂದ ಆಹಾರದ ತೂಕದಲ್ಲಿ ನೂರಕ್ಕೆ ೩೯ ಭಾಗವು ನಾಯಿಗಳದೇ ಎಂದು ಅದರಲ್ಲಿ ಕಂಡುಬಂದಿತು. ಅರಣ್ಯ ಇಲಾಖೆಯವರು ಚಿರತೆಯನ್ನು ಹಿಡಿಯುವುದಕ್ಕಾಗಿ ಬೋನು ಇಟ್ಟಾಗ ಅದರ ಬೇರೊಂದು ಭಾಗದಲ್ಲಿ ಮೇಕೆಯನ್ನೋ ನಾಯಿಯನ್ನೋ ಆಮಿಷವಾಗಿ ಇಡುವುದುಂಟು. ಅಂಗಳದಲ್ಲಿ ಸರಪಳಿಗೆ ಬಿಗಿದ ನಾಯಿಯು ಹಾಗೆ ಇಟ್ಟ ಆಮಿಷದಂತೆಯೇ ಸರಿ. ಆಮಿಷದ ಪ್ರಾಣಿಗೆ ನಡುವೆ ಕಂಬಿಯ ರಕ್ಷಣೆಯಾದರೂ ಇರುತ್ತದೆ, ಈ ನಾಯಿಗೆ ಅದೂ ಇಲ್ಲ.

ಪೇಟೆಯವರೂ ನಿಶ್ಚಿಂತರಾಗಿರುವಂತಿಲ್ಲ. ೨೦೨೨ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೆಳಗಾವಿಯ ಜಾಧವ ನಗರದಲ್ಲಿ ಹಾಡುಹಗಲೇ ಚಿರತೆಯೊಂದು ಕಾಣಿಸಿಕೊಂಡು ಕಟ್ಟಡದ ಕೆಲಸದವನೊಬ್ಬನ ಮೇಲೆರಗಿತು. ಬಳಿಕ ಅದು ಗಾಲ್ಫ್ ಮೈದಾನದ ಪೊದೆಗಳನ್ನು ಸೇರಿತು. ಸುತ್ತಲಿನ ಶಾಲೆಗಳಿಗೆ ಹಲವು ದಿನ ರಜೆ ಕೊಡಬೇಕಾಯಿತು. ಶಿವಮೊಗ್ಗದ ಸಕ್ರೆಬೈಲು ಶಿಬಿರದಿಂದ ಆನೆಗಳನ್ನು ತರಿಸಿ ಹುಡುಕಿದರೂ ಅದು ಕೈಗೆ ಸಿಕ್ಕಲಿಲ್ಲ. ಆ ದಿನಗಳಲ್ಲಿ ಊರಿನವರು ತಮ್ಮ ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರು. ಕಂಬಕ್ಕೆ ಕಟ್ಟಿದ ನಾಯಿಗೆ ಬಾಗಿಲು ಹಾಕಿಕೊಳ್ಳುವ ಉಪಾಯವು ಎಲ್ಲಿಯದು?

ಕಾವಲಿನ ಮಾತು

ಇಲ್ಲಿ ಒಂದು ಆಕ್ಷೇಪಣೆಯು ಬರುತ್ತದೆ. ಖಾನಾಪುರದ ಕಡೆಯ ರೈತರೊಬ್ಬರು ಅದನ್ನು ನಮ್ಮ ಮುಂದೆ ನೇರವಾಗಿಯೇ ಇಟ್ಟರು: “ಮಾಸ್ತರ್ರ, ನಾಯಿ ಇರೂದು ಮನಿ ಕಾಯಾಕ. ಅದನ್ನ ಒಳಗ ಪೆಟ್ಟಿಗ್ಯಾಗ ಮಲಗಿಸಿದ್ರ ಮನಿ ಕಾಯೂರು ಯಾರ್ರೀ?” ನಾವು ಹೇಳಿದ್ದು ಇಷ್ಟು: “ನಾಯಿ ಮನಿ ಕಾಯೂದು ಕಿವೀಲೆ ತಮ್ಮಾ, ಸರಪಳೀಲೆ ಅಲ್ಲ.”

ಈ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಯುಕ್ತವು. ಮನುಷ್ಯನ ಕಿವಿಗೆ ಒಂದು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಧ್ವನಿಯು ಕೇಳಿಸಿದರೆ, ನಾಯಿಯ ಕಿವಿಗೆ ೪೦,೦೦೦ಕ್ಕೂ ಮೇಲ್ಪಟ್ಟ ಧ್ವನಿಯು ಕೇಳಿಸುತ್ತದೆ. ಪಡಸಾಲೆಯ ಮೂಲೆಯಲ್ಲಿ ಮಲಗಿದ ನಾಯಿಯು ಅಂಗಳದ ತರಗೆಲೆಯ ಸಪ್ಪಳಕ್ಕೆ ಎದ್ದು ಬೊಗಳುವುದು, ಮನೆಯವರು ಎಚ್ಚರಗೊಳ್ಳುವರು, ಕಾವಲಿನ ಕೆಲಸವು ಅಲ್ಲಿಗೆ ಪೂರ್ಣವಾಯಿತು. ವಿದ್ಯಾರ್ಥಿಗೆ ಶ್ವಾನನಿದ್ರೆ ಇರಬೇಕೆಂದು ನಮ್ಮ ಹಿರಿಯರು ಹೇಳಿದುದು ಈ ಎಚ್ಚರದ ನಿದ್ರೆಯನ್ನು ಕುರಿತೇ.

ನಾಯಿಯ ಶೌರ್ಯಕ್ಕೆ ನಮ್ಮ ನಾಡಿನಲ್ಲಿ ಶಾಸನದ ಸಾಕ್ಷಿಯೇ ಉಂಟು. ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. ೯೪೯-೫೦ರ ಕಾಲದ ಕಲ್ಲೊಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನು ತನ್ನ ವೀರನಾದ ಮಣಲೆರನಿಗೆ ಕೊಟ್ಟ ‘ಕಾಳಿ’ ಎಂಬ ಬೇಟೆನಾಯಿಯು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತ ಕಥೆಯನ್ನು ಅದು ತಿಳಿಸುತ್ತದೆ; ಕಲ್ಲಿನ ಮೇಲೆ ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ್ದಾರೆ. ಆದರೆ ಕಾಳಿಯ ಕೊರಳು ಬಿಡುವಾಗಿದ್ದಿತು. ಅದು ಹಾಯಬಹುದಾಗಿತ್ತು, ಹಿಂಜರಿಯಬಹುದಾಗಿತ್ತು. ಸರಪಳಿಯ ನಾಯಿಗೆ ಕಾದಾಟವೂ ಇಲ್ಲ, ಓಟವೂ ಇಲ್ಲ. ಚಿರತೆಯು ಮೊದಲು ಹಿಡಿಯುವುದು ಕೊರಳನ್ನೇ ಆದುದರಿಂದ ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳ ಕೊರಳಿಗೆ ಮುಳ್ಳುಗಳುಳ್ಳ ಕಬ್ಬಿಣದ ಪಟ್ಟಿಯನ್ನು ಕಟ್ಟುವುದುಂಟು. ನಾವಾದರೋ ಅದೇ ಕೊರಳನ್ನು ಕಂಬಕ್ಕೆ ಬಿಗಿಯುತ್ತೇವೆ.

ಗೂಡನ್ನು ಅಂಗಳದಲ್ಲಿಟ್ಟರೆ ಸಾಲದೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ತಂತಿಯ ಸಂದಿಯಲ್ಲಿ ಚಿರತೆಯ ಪಂಜವು ತೂರಬಲ್ಲದು. ಹಗುರವಾದ ಪೆಟ್ಟಿಗೆಯನ್ನು ಅದು ಉರುಳಿಸಲೂಬಲ್ಲದು. ಗೂಡು ಮನೆಯ ಗೋಡೆಗಳ ಒಳಗೆ, ಹಾಕಿದ ಬಾಗಿಲಿನ ಹಿಂದೆ ಇರತಕ್ಕದ್ದು. ಗೂಡನ್ನು ಕೊಳ್ಳಲು ಅನುಕೂಲವಿಲ್ಲದವರು ರಾತ್ರಿ ನಾಯಿಯನ್ನು ಒಳಗೆ ಕರೆದುಕೊಂಡು ಕದ ಹಾಕಿದರೂ ಅರ್ಧ ಕೆಲಸವು ಆದಂತೆಯೇ.

ಇತರ ಪ್ರಯೋಜನಗಳು

ಚಿರತೆಯ ಭಯವಿಲ್ಲದ ಓಣಿಗಳಲ್ಲಿಯೂ ಗೂಡಿನ ಉಪಯೋಗವು ಕಡಿಮೆಯಲ್ಲ. ಖಾನಾಪುರದ ಮಳೆಗಾಲವನ್ನು ಬಲ್ಲವರಿಗೆ ಒದ್ದೆ ನೆಲದಲ್ಲಿ ತಿಂಗಳುಗಟ್ಟಲೆ ಮಲಗಿದ ನಾಯಿಯ ಚರ್ಮದ ಗತಿಯನ್ನು ಬಣ್ಣಿಸಬೇಕಾಗಿಲ್ಲ. ಕತ್ತಲೆಯಲ್ಲಿ ಹಾವನ್ನು ಕೆಣಕಿ ಕಚ್ಚಿಸಿಕೊಳ್ಳುವುದೂ, ಹುಚ್ಚು ಹಿಡಿದ ಬೀದಿಯ ನಾಯಿಯ ಸಂಪರ್ಕಕ್ಕೆ ಬರುವುದೂ ಹೊರಗೆ ಮಲಗುವ ನಾಯಿಗೆ ತಪ್ಪಿದ್ದಲ್ಲ. ಇದರಿಂದ ಹುಚ್ಚುರೋಗದ ಲಸಿಕೆಯು ಬೇಡವೆಂದು ಯಾರೂ ತಿಳಿಯಬಾರದು. ಲಸಿಕೆಯನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ಹಾಕಿಸಲೇಬೇಕು. ಮನೆಯ ನಾಯಿಯು ಯಾರನ್ನಾದರೂ ಕಚ್ಚಿದರೆ ಕಚ್ಚಿಸಿಕೊಂಡವರು ತಡಮಾಡದೆ ಗಾಯವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರ ಬಳಿಗೆ ಹೋಗತಕ್ಕದ್ದು. ನಾಯಿಯನ್ನಾದರೋ ೧೦ ದಿನ ಕಣ್ಣಳತೆಯಲ್ಲಿಟ್ಟು ನೋಡಬೇಕಾಗುತ್ತದೆ. ಗೂಡಿನ ರೂಢಿಯುಳ್ಳ ನಾಯಿಯನ್ನು ಹಾಗೆ ನೋಡುವುದು ಸುಲಭವು. ಕಾಲು ಮುರಿದಾಗಲೂ ಶಸ್ತ್ರಕ್ರಿಯೆಯಾದಾಗಲೂ ಪಶುವೈದ್ಯರು ಅಲುಗಾಡಿಸದೆ ಇಡಿರೆಂದು ಹೇಳುತ್ತಾರೆ. ಮೊದಲೇ ಗೂಡನ್ನು ಬಲ್ಲ ನಾಯಿಗೆ ಅದು ಶಿಕ್ಷೆಯಾಗುವುದಿಲ್ಲ.

ಬೆಳಗಾವಿಯ ಗಣೇಶೋತ್ಸವದ ವೈಭವವು ಪ್ರಸಿದ್ಧವಾದುದು. ವಿಸರ್ಜನೆಯ ಮೆರವಣಿಗೆಯು ರಾತ್ರಿಯೆಲ್ಲ ನಡೆದು ಮರುದಿನಕ್ಕೂ ಮುಂದುವರಿಯುತ್ತದೆ. ಡೋಲು, ತಾಶೆ, ಪಟಾಕಿಗಳ ಧ್ವನಿಯು ನಮಗೆ ಉತ್ಸಾಹವನ್ನು ಕೊಡುತ್ತದೆ. ನಮಗಿಂತ ತೀಕ್ಷ್ಣವಾದ ಕಿವಿಯುಳ್ಳ ನಾಯಿಗೆ ಅದು ಭೂಮಿ ಬಿರಿದಂತೆ ಕೇಳಿಸುತ್ತಿರಬೇಕು. ಗಣಪತಿಯ ಹಬ್ಬದಲ್ಲಿಯೂ ದೀಪಾವಳಿಯಲ್ಲಿಯೂ ಹಗ್ಗ ಹರಿದುಕೊಂಡು ಓಡಿ, ದಾರಿ ತಪ್ಪಿ, ಬಂಡಿಗಳ ಗಾಲಿಗೆ ಸಿಕ್ಕುವ ನಾಯಿಗಳುಂಟು. ಮನೆಯ ನಡುವಿನ ಕೋಣೆಯಲ್ಲಿ, ಮೂರು ಕಡೆಗೆ ದಪ್ಪ ಬಟ್ಟೆಯನ್ನು ಹೊದಿಸಿ, ಬಾಗಿಲನ್ನು ತೆರೆದೇ ಇಟ್ಟ ಗೂಡೊಂದಿದ್ದರೆ ಅಂಜಿದ ನಾಯಿಯು ಅದರೊಳಗೆ ಹೊಕ್ಕು ಮುದುಡಿಕೊಳ್ಳುತ್ತದೆ. ಆಗ ಚಿಲಕವನ್ನು ಹಾಕತಕ್ಕದ್ದಲ್ಲ. ಅಂಜಿದ ಪ್ರಾಣಿಯನ್ನು ಬಲವಂತದಿಂದ ಕೂಡಿಹಾಕಿದರೆ ಅಂಜಿಕೆಯು ಇಮ್ಮಡಿಯಾಗುವುದು.

ಪ್ರವಾಸದ ಮಾತೂ ಉಂಟು. ಬೆಳಗಾವಿಯಿಂದ ಖಾನಾಪುರ, ಲೋಂಡಾಗಳ ಮಾರ್ಗವಾಗಿ ದೂರದೂರಿಗೆ ರೈಲಿನಲ್ಲಿ ಹೋಗುವವರು ನಾಯಿಯನ್ನು ಸಂಗಡ ಒಯ್ಯಬೇಕಾದರೆ ಮೊದಲನೆಯ ವರ್ಗದ ಕೋಣೆಯನ್ನು ಪೂರ್ತಿಯಾಗಿ ತಮ್ಮ ಹೆಸರಿಗೆ ಕಾಯ್ದಿರಿಸಿರಬೇಕು. ಇಲ್ಲವಾದರೆ ನಾಯಿಯು ಗಾರ್ಡಿನ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆಯಲ್ಲಿ ಒಂಟಿಯಾಗಿ ಪ್ರಯಾಣ ಮಾಡಬೇಕು. ಹುಟ್ಟಿದಂದಿನಿಂದ ಮುಚ್ಚಿದ ಜಾಗವನ್ನೇ ಕಾಣದ ನಾಯಿಯನ್ನು ಒಮ್ಮೆಲೇ ಆ ಕಬ್ಬಿಣದ ಕತ್ತಲೆಗೆ ತಳ್ಳಿದರೆ ಅದರ ಎದೆಯು ಒಡೆಯದಿರುವುದು ಹೇಗೆ? ಮನೆಯಲ್ಲಿ ಗೂಡಿನ ರೂಢಿಯಾದ ನಾಯಿಯಾದರೆ ಅದೇ ದಾರಿಯನ್ನು ಹೆಚ್ಚು ಸಮಾಧಾನದಿಂದ ಕಳೆಯುವುದು.

ಅಳತೆಯೂ ಸಾಮಗ್ರಿಯೂ

ಗೂಡಿನೊಳಗೆ ನಾಯಿಯು ತಲೆ ತಗ್ಗಿಸದೆ ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಇದಕ್ಕಾಗಿ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದು ೪ ಇಂಚು ಕೂಡಿಸಿದರೆ ಉದ್ದವು ದೊರೆಯುತ್ತದೆ. ನಿಂತಾಗ ನೆಲದಿಂದ ತಲೆಯ ಮೇಲ್ತುದಿಯವರೆಗೆ ಅಳೆದು ೩-೪ ಇಂಚು ಕೂಡಿಸಿದರೆ ಎತ್ತರವು ದೊರೆಯುತ್ತದೆ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನು ಸಾಕಿದವರು ಇಲ್ಲಿ ಜಾಗರೂಕರಾಗಿರಬೇಕು. ಅದರ ಗಂಡು ಭುಜದವರೆಗೇ ೬೮ರಿಂದ ೭೨ ಸೆಂಟಿಮೀಟರು ಎತ್ತರವಿರುತ್ತದೆ, ತಲೆಯು ಅದಕ್ಕೂ ಮೇಲೆ. ಮಾಂಸ ಕಡಿಮೆಯಿರುವ ಆ ದೇಹಕ್ಕೆ ಮೆತ್ತನೆಯ ಹಾಸಿಗೆಯೂ, ಓಟಕ್ಕೆ ಹುಟ್ಟಿದ ಆ ಕಾಲುಗಳಿಗೆ ದಿನವೂ ಬಯಲೂ ಬೇಕು.

ಮರಿಯು ಬೆಳೆಯುವುದೆಂದು ಮೊದಲೇ ದೊಡ್ಡ ಗೂಡನ್ನು ತಂದವರು ನಡುವೆ ಒಂದು ಹಲಗೆಯನ್ನು ನಿಲ್ಲಿಸಿ ಜಾಗವನ್ನು ಕಿರಿದು ಮಾಡಬೇಕು. ನಾಯಿಯು ತಾನು ಮಲಗುವ ಸ್ಥಳವನ್ನು ಸ್ವಭಾವತಃ ಹೊಲಸು ಮಾಡಲೊಲ್ಲದು. ಜಾಗವು ಅತಿಯಾಗಿದ್ದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಮೂತ್ರ ಮಾಡುವ ಅಭ್ಯಾಸಕ್ಕೆ ಬೀಳುತ್ತದೆ. ಈ ಸ್ವಭಾವದಿಂದಲೇ ಮರಿಗೆ ಶೌಚದ ಶಿಸ್ತನ್ನು ಕಲಿಸುವುದಕ್ಕೆ ಗೂಡು ಸಹಾಯಕವಾಗುತ್ತದೆ.

ತಂತಿಯ ಗೂಡಿನಲ್ಲಿ ಗಾಳಿಯು ಚೆನ್ನಾಗಿ ಆಡುತ್ತದೆ. ಬೇಸಿಗೆಗೆ ಅದು ಉತ್ತಮವು. ಪ್ಲಾಸ್ಟಿಕ್ಕಿನದು ಪ್ರವಾಸಕ್ಕೆ ಹಗುರ, ಆದರೆ ಬಿಸಿಲಿನಲ್ಲಿ ಬೇಗ ಕಾಯುತ್ತದೆ. ಊರಿನ ಬಡಿಗನಿಂದ ಮರದ ಗೂಡನ್ನೇ ಮಾಡಿಸುವವರು ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಗಾಳಿಗೆ ಸಾಕಷ್ಟು ಸಂದಿಗಳನ್ನು ಬಿಡಿಸಬೇಕು. ನಾಯಿಯು ಹಲಗೆಯನ್ನು ಕಡಿಯುವುದರಿಂದ ಒಳಭಾಗಕ್ಕೆ ಬಣ್ಣವನ್ನು ಬಳಿಸಬಾರದು. ಯಾವ ಬಗೆಯದಾದರೂ ನೆಲದಿಂದ ಮೂರು ನಾಲ್ಕು ಇಂಚು ಎತ್ತರದಲ್ಲಿ ಕಾಲುಗಳ ಮೇಲೆ ನಿಂತಿದ್ದರೆ ಮಳೆಗಾಲದ ತಂಪೂ ಇರುವೆಗಳೂ ಬಾಧಿಸವು. ಹಾಸಿಗೆಗೆ ನಮ್ಮ ಅಜ್ಜಿಯರು ಹೊಲಿದ ಹಳೆಯ ಕೌದಿಗಿಂತ ಒಳ್ಳೆಯದು ಯಾವ ಅಂಗಡಿಯಲ್ಲಿಯೂ ಸಿಕ್ಕದು. ಅದನ್ನು ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹರವಿ, ಉಣ್ಣಿಗಳಿಲ್ಲದಂತೆ ನೋಡಿಕೊಳ್ಳಬೇಕು. ಬಟ್ಟೆಯನ್ನು ಹರಿದು ನುಂಗುವ ಚಟವುಳ್ಳ ಮರಿಗೆ ಮಾತ್ರ ಕೌದಿಯನ್ನು ಹಾಕಬಾರದು. ನೀರಿಗೆ ಮಣ್ಣಿನ ಭಾರವಾದ ಬೋಗುಣಿಯು ಒಳ್ಳೆಯದು. ನಾಯಿಯು ಅದನ್ನು ಸುಲಭವಾಗಿ ಉರುಳಿಸಲಾರದು. ಗ್ರಾಮೋದ್ಯೋಗದ ಕುಂಬಾರಿಕೆಯನ್ನು ಕಲಿಸುವ ಸಂಸ್ಥೆಯೇ ಇರುವ ಖಾನಾಪುರದವರಿಗೆ ಮಣ್ಣಿನ ಪಾತ್ರೆಯ ಗುಣವನ್ನು ನಾವು ಹೇಳಬೇಕಾಗಿಲ್ಲ.

ಗೂಡನ್ನು ಜನರು ಕುಳಿತೇಳುವ ಪಡಸಾಲೆಯ ಮೂಲೆಯಲ್ಲಿಡುವುದು ಯೋಗ್ಯವು. ನಾಯಿಯು ಗುಂಪಿನಲ್ಲಿ ಬಾಳುವ ಪ್ರಾಣಿ. ಹಿತ್ತಲಿನ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟರೆ ಕೊರಗುತ್ತದೆ. ಒಲೆಯ ಪಕ್ಕವೂ, ಬಿಸಿಲು ಬೀಳುವ ಕಿಟಕಿಯ ಕೆಳಗೂ, ತಗಡಿನ ಮಾಡಿನ ಅಡಿಯೂ ತಕ್ಕ ಸ್ಥಳಗಳಲ್ಲ. ನಾಯಿಗೆ ಅಂಗಾಲುಗಳಲ್ಲಿ ಹೊರತು ಬೆವರುವ ಶಕ್ತಿಯಿಲ್ಲ. ಏದುಸಿರಿನಿಂದಲೇ ಅದು ಮೈಯ ಬಿಸಿಯನ್ನು ಹೊರಹಾಕಬೇಕು. ಏಪ್ರಿಲ್ ಮೇ ತಿಂಗಳುಗಳಲ್ಲಿ ವಿದ್ಯುತ್ತು ಹೋಗಿ ಬೀಸಣಿಗೆಯು ನಿಂತ ಕೋಣೆಯಲ್ಲಿ ಮುಚ್ಚಿದ ಗೂಡು ಪ್ರಾಣಕ್ಕೇ ಅಪಾಯವಾದೀತು. ಮೊಟಕು ಮೂಗಿನ ಪಗ್ ಮೊದಲಾದ ಜಾತಿಗಳಿಗೆ ಈ ಅಪಾಯವು ಇನ್ನೂ ಹೆಚ್ಚು.

ರೂಢಿ ಮಾಡಿಸುವ ಕ್ರಮ

ಗೂಡನ್ನು ತಂದ ದಿನವೇ ನಾಯಿಯನ್ನು ಒಳಗೆ ತಳ್ಳಿ ಚಿಲಕ ಹಾಕುವುದು ಅಕ್ಷರಗಳನ್ನು ಕಲಿಸದೆ ಕಾವ್ಯವನ್ನು ಓದೆಂದಂತೆ. ಮೊದಲ ಎರಡು ಮೂರು ದಿನ ಬಾಗಿಲನ್ನು ಹಿಂದಕ್ಕೆ ಕಟ್ಟಿ, ಅದು ತಾನಾಗಿ ಬಡಿದುಕೊಳ್ಳದಂತೆ ಮಾಡಿ, ಸುಮ್ಮನೆ ಬಿಡಬೇಕು. ನಾಯಿಯು ಮೂಸಿ ನೋಡಲಿ, ದೂರ ಸರಿಯಲಿ, ಮತ್ತೆ ಬರಲಿ. ಹೊಸ್ತಿಲ ಬಳಿ ರೊಟ್ಟಿಯ ತುಣುಕೊಂದನ್ನು, ಮರುದಿನ ಸ್ವಲ್ಪ ಒಳಗೆ ಇನ್ನೊಂದನ್ನು ಇಡಬೇಕು. ಬೆಳಗಾವಿಯಲ್ಲಿದ್ದೇವೆಂದು ಕುಂದಾವನ್ನು ಕೊಡತಕ್ಕದ್ದಲ್ಲ. ಅದು ಮಾಡುವವರ ಮನೆಯಲ್ಲಿಯೂ ಮನುಷ್ಯರಿಗೇ ಮೀಸಲಾಗಿರಲಿ.

ಒಳಗೆ ಹೋಗುವ ಅಂಜಿಕೆಯು ಕಳೆದ ಮೇಲೆ ಎರಡು ಹೊತ್ತಿನ ಊಟವನ್ನೂ ಗೂಡಿನಲ್ಲಿಯೇ ಕೊಡಬೇಕು. ಉಣ್ಣುತ್ತಿರುವಾಗ ಬಾಗಿಲನ್ನು ಮೆಲ್ಲನೆ ಮುಚ್ಚಿ, ಊಟ ಮುಗಿದ ಕೂಡಲೇ ತೆರೆಯಬೇಕು. ಮರುದಿನ ಒಂದೆರಡು ನಿಮಿಷ ತಡೆದು ತೆರೆಯಬೇಕು. ಆಮೇಲೆ ಐದು, ಹತ್ತು, ಇಪ್ಪತ್ತು ನಿಮಿಷ. ಇಷ್ಟು ಹೊತ್ತೂ ಮನೆಯವರೊಬ್ಬರು ಕಣ್ಣೆದುರಿಗಿರಬೇಕು. ಬಳಿಕ ಒಂದು ಗಳಿಗೆ ಮರೆಯಾಗಿ ಮತ್ತೆ ಬರಬೇಕು. ಹೀಗೆ ಎರಡು ಮೂರು ವಾರಗಳಲ್ಲಿ ಹೆಚ್ಚಿನ ನಾಯಿಗಳು ತಾವಾಗಿ ಗೂಡಿಗೆ ಹೋಗಿ ಮಲಗತೊಡಗುತ್ತವೆ. ಕೆಲವಕ್ಕೆ ತಿಂಗಳುಗಳೂ ಬೇಕಾಗುವುದುಂಟು. ಮಕ್ಕಳಲ್ಲಿ ಜಾಣರೂ ಮಂದರೂ ಇರುವಂತೆ ನಾಯಿಗಳಲ್ಲಿಯೂ ಇದ್ದಾವೆ.

ಗೂಡಿಗೆ ಕಳಿಸುವ ಮುನ್ನ ಕೊರಳಪಟ್ಟಿಯನ್ನು ಬಿಚ್ಚುವುದನ್ನು ಎಂದೂ ಮರೆಯಬಾರದು. ಕಂಬಿಗೆ ಸಿಕ್ಕಿಕೊಂಡ ಪಟ್ಟಿಯು ಉರುಲಾಗಬಲ್ಲದು. ಮಕ್ಕಳು ಗೂಡಿನೊಳಗೆ ನುಸುಳದಂತೆಯೂ, ಒಳಗೆ ಮಲಗಿದ ನಾಯಿಯನ್ನು ಕಡ್ಡಿಯಿಂದ ಚುಚ್ಚದಂತೆಯೂ ಕಟ್ಟಪ್ಪಣೆ ಮಾಡಬೇಕು. ಮರಿಯು ರಾತ್ರಿ ಮುಲುಗಿದರೆ ಅದು ಮೂತ್ರದ ಬಾಧೆಯೇ ಎಂದು ಮೊದಲು ನೋಡಿ, ಹೊರಗೆ ಕರೆದೊಯ್ದು, ಆಟವಾಡಿಸದೆ ಮರಳಿ ಮಲಗಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮವೊಂದುಂಟು: ಗೂಡನ್ನು ಶಿಕ್ಷೆಗೆ ಬಳಸತಕ್ಕದ್ದಲ್ಲ. ಚಪ್ಪಲಿಯನ್ನು ಕಡಿಯಿತೆಂದು ಕಿವಿ ಹಿಡಿದು ಎಳೆದು ಒಳಗೆ ನೂಕಿದ ಕ್ಷಣವೇ ಗೂಡು ಬೋನಾಯಿತು. ಮೂರು ವಾರಗಳ ಶ್ರಮವು ನೀರಿನಲ್ಲಿ ಹೋಯಿತು. ಮಹಾಭಾರತದ ಆದಿಪರ್ವದಲ್ಲಿ ಸರಮೆಯ ಕಥೆಯು ಬರುತ್ತದೆ. ಜನಮೇಜಯನ ಸತ್ರದಲ್ಲಿ ಹವಿಸ್ಸನ್ನು ನೋಡದೆ, ನೆಕ್ಕದೆ ಸುಮ್ಮನೆ ಬಂದ ನಾಯಿಮರಿಯನ್ನು ಅರಸನ ತಮ್ಮಂದಿರು ಹೊಡೆದರು. ಅದರ ತಾಯಿಯಾದ ಸರಮೆಯು ಬಂದು ತನ್ನ ಮಗನ ತಪ್ಪೇನೆಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಆಕೆಯ ಶಾಪಕ್ಕೆ ಅರಸನು ಗುರಿಯಾಗಬೇಕಾಯಿತು. ಕಾರಣ ತಿಳಿಯದ ಶಿಕ್ಷೆಯು ಪ್ರಾಣಿಗೆ ಶಿಕ್ಷೆಯಲ್ಲ, ಬರಿಯ ನೋವು. ಘಳಿಗೆಯ ಹಿಂದೆ ಕಡಿದ ಚಪ್ಪಲಿಗೂ ಈಗ ಮುಚ್ಚಿದ ಬಾಗಿಲಿಗೂ ಇರುವ ಸಂಬಂಧವು ನಾಯಿಗೆ ತಿಳಿಯುವುದಿಲ್ಲ.

ಕಾಲದ ಮಿತಿ

ಎಷ್ಟು ಹೊತ್ತು ಬಾಗಿಲು ಹಾಕಿಡಬಹುದೆಂಬುದೇ ಗೂಡಿನ ನಿಜವಾದ ಪರೀಕ್ಷೆಯು. ಹತ್ತು ವಾರಗಳೊಳಗಿನ ಮರಿಯನ್ನು ಹಗಲಿನಲ್ಲಿ ಅರ್ಧದಿಂದ ಒಂದು ಗಂಟೆಗಿಂತ ಹೆಚ್ಚು ಇಡಬಾರದು. ನಾಲ್ಕು ತಿಂಗಳ ಮರಿಗೆ ಮೂರು ಗಂಟೆಗಳೇ ಸಾಕು. ಬೆಳೆದ ನಾಯಿಯಾದರೂ ಹಗಲಿನಲ್ಲಿ ನಾಲ್ಕೈದು ಗಂಟೆಗಳನ್ನು ಮೀರಕೂಡದು. ರಾತ್ರಿಯ ನಿದ್ರೆಯ ಮಾತು ಬೇರೆ. ಮಲಗುವ ಮುನ್ನವೂ ಎದ್ದೊಡನೆಯೂ ಹೊರಗೆ ತಿರುಗಾಡಿಸಿದರೆ ಆರೋಗ್ಯವಂತ ನಾಯಿಯು ರಾತ್ರಿಯನ್ನು ಸುಖವಾಗಿ ಕಳೆಯುವುದು. ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಹೋಗಿ ಸಂಜೆ ಆರಕ್ಕೆ ಮರಳುವ ಮನೆಗೆ ಗೂಡು ಪರಿಹಾರವಲ್ಲ. ಅಂಥವರು ನಡುವೆ ಬಂದು ನಾಯಿಯನ್ನು ಹೊರಗೆ ಬಿಡುವವರನ್ನು ಗೊತ್ತುಮಾಡಬೇಕು, ಇಲ್ಲವೆ ನಾಯಿಯನ್ನು ಸಾಕುವ ವಿಚಾರವನ್ನೇ ಮುಂದಕ್ಕೆ ಹಾಕಬೇಕು.

ಕೆಲವು ನಾಯಿಗಳಿಗೆ ಮುಚ್ಚಿದ ಜಾಗವು ಎಷ್ಟು ರೂಢಿ ಮಾಡಿಸಿದರೂ ಒಗ್ಗುವುದಿಲ್ಲ. ಜೊಲ್ಲು ಸುರಿಯುವುದು, ಮೈ ನಡುಗುವುದು, ಹಲ್ಲು ಮುರಿಯುವಂತೆ ಕಂಬಿಯನ್ನು ಕಡಿಯುವುದು, ಉಗುರಿನಿಂದ ರಕ್ತ ಬರುವಂತೆ ಕೆರೆಯುವುದು ಇವು ಹಠದ ಗುರುತುಗಳಲ್ಲ, ಭಯದ ಗುರುತುಗಳು. ಇವನ್ನು ಕಂಡರೆ ಗೂಡಿನ ಬಾಗಿಲು ಹಾಕುವುದನ್ನು ಬಿಟ್ಟು ಪಶುವೈದ್ಯರನ್ನು ಕೇಳಬೇಕು. ಅಂಥ ನಾಯಿಗೆ ಗಾಳಿ ಬೆಳಕುಳ್ಳ ಒಂದು ಕೋಣೆಯೇ ಗೂಡಾಗಲಿ.

ಕಾಯಿದೆಯ ಮಾತು

ನಾಯಿಯನ್ನು ಪೆಟ್ಟಿಗೆಯಲ್ಲಿಡುವುದು ಕ್ರೌರ್ಯವೆಂದು ಹೇಳುವವರೂ ಉಂಟು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಸ್ವೀಡನ್, ಫಿನ್ಲೆಂಡ್ ದೇಶಗಳಲ್ಲಿ ಪ್ರಯಾಣ ಮೊದಲಾದ ವಿಶೇಷ ಸಂದರ್ಭಗಳ ಹೊರತು ಮನೆಯಲ್ಲಿ ನಾಯಿಯನ್ನು ಇಂಥ ಪೆಟ್ಟಿಗೆಯಲ್ಲಿ ಮುಚ್ಚಿಡುವುದನ್ನು ಕಾಯಿದೆಯೇ ಒಪ್ಪುವುದಿಲ್ಲ. ಅಲ್ಲಿಯ ಓಣಿಗಳಲ್ಲಿ ಚಿರತೆ ತಿರುಗುವುದಿಲ್ಲವೆಂದು ನಾವು ಸಮಾಧಾನ ಮಾಡಿಕೊಳ್ಳಬಹುದಾದರೂ ಆ ಕಾಯಿದೆಯ ಹಿಂದಿನ ದಯೆಯು ನಮಗೂ ಬೇಕಾದುದೇ. ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯಿದೆಯು ೧೯೬೦ನೆಯ ಇಸವಿಯಲ್ಲಿ ಆಯಿತು. ನೃತ್ಯಕಲಾವಿದೆಯಾದ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಇದಕ್ಕಾಗಿ ಬಹಳ ಶ್ರಮಿಸಿದರು. ಅದರ ೧೧ನೆಯ ಕಲಮಿನ ಪ್ರಕಾರ, ಪ್ರಾಣಿಯು ಅಲುಗಾಡಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಅದನ್ನು ಇಡುವುದು ಅಪರಾಧವು. ಅತಿ ಗಿಡ್ಡವಾದ ಅಥವಾ ಅತಿ ಭಾರವಾದ ಸರಪಳಿಯಿಂದ ಅಯುಕ್ತವಾದಷ್ಟು ಹೊತ್ತು ಕಟ್ಟುವುದೂ ಅಪರಾಧವು. ಯಾವಾಗಲೂ ಕಟ್ಟಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವುದೂ ಅಪರಾಧವು. ಪೆಟ್ಟಿಗೆಯನ್ನು ಕಂಡು ‘ಅಯ್ಯೋ ಪಾಪ’ ಎನ್ನುವವರು ಕಂಬದ ನಾಯಿಯನ್ನು ಕಂಡು ಸುಮ್ಮನಿರುವುದು ನಮಗೆ ವಿಚಿತ್ರವಾಗಿ ತೋರುತ್ತದೆ. ಕಾಯಿದೆಯ ಕಣ್ಣಿಗೆ ಎರಡೂ ಒಂದೇ ತಕ್ಕಡಿಯಲ್ಲಿವೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೇ. ಗೂಡನ್ನು ಕೊಳ್ಳುವುದು ಬಿಡುವುದು ಅವರವರ ಅನುಕೂಲಕ್ಕೆ ಸೇರಿದ್ದು. ಇಂದು ರಾತ್ರಿ ನಾಯಿಯನ್ನು ಅಂಗಳದಿಂದ ಒಳಗೆ ಕರೆದುಕೊಳ್ಳುವುದಕ್ಕೆ ಮಾತ್ರ ಕಾಸಿನ ಖರ್ಚಿಲ್ಲ. ಗೂಡನ್ನು ತಂದವರು ಒಂದು ಪರೀಕ್ಷೆಯನ್ನು ಮಾಡಿ ನೋಡಲಿ. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಗೂಡಿನ ಬಾಗಿಲನ್ನು ಪೂರ್ತಿಯಾಗಿ ತೆರೆದಿಟ್ಟು, ನಾಯಿಯನ್ನು ಕರೆಯದೆ, ಆಸೆ ತೋರಿಸದೆ, ತಮ್ಮ ಕೆಲಸದಲ್ಲಿ ತೊಡಗಿರಲಿ. ನಾಯಿಯು ಮನೆಯೆಲ್ಲ ತಿರುಗಿ ಕೊನೆಗೆ ತಾನಾಗಿ ಹೋಗಿ ಕೌದಿಯ ಮೇಲೆ ಎರಡು ಸುತ್ತು ಹಾಕಿ ಮಲಗಿದರೆ ಅದು ಗೂಡೇ ಸರಿ. ಚಿಲಕದ ವಿಷಯದಲ್ಲಿ ಚಿಂತಿಸಬೇಕಾದುದಿಲ್ಲ. ಅದು ಆ ಮೂಲೆಯನ್ನೇ ತಪ್ಪಿಸಿ ತಿರುಗಿದರೆ, ಗೂಡನ್ನು ಕೊಂಡ ಹಣವು ಎಷ್ಟೇ ಆಗಿರಲಿ, ಬಾಗಿಲನ್ನು ಮತ್ತೆ ಹಿಂದಕ್ಕೆ ಕಟ್ಟಿ, ರೊಟ್ಟಿಯ ತುಣುಕಿನಿಂದ ಪಾಠವನ್ನು ಮೊದಲಿನಿಂದ ಆರಂಭಿಸತಕ್ಕದ್ದು.